ದೋಣಿ ಕಟ್ಟಿದ ಮೇಲೆ ತೆರೆಯುವ ಬಿಯರ್

ಪ್ರೀತಿಯ ಗೆಳೆಯಾ,

ಹೊಳೆಯಿಂದ ಮೇಲೆ ಬಂದಮೇಲೆ ಯಾವ ಬಿಯರ್ ಕುಡಿದರೆ ಚೆನ್ನ ಅಂತ ಕೇಳಿದ್ದೀಯ. ನಿನಗೊಬ್ಬನಿಗೇ ಬರೆದು ಕಳಿಸಬಹುದಿತ್ತು. ಆದರೆ ನಮ್ಮ ಜೊತೆ ಕಯಾಕ್ ಹತ್ತುವವರೆಲ್ಲ ಇದನ್ನೇ ಕೇಳುತ್ತಾರೆ, ಹಾಗಾಗಿ ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬಾತುಕೋಳಿ ಮೇಷ್ಟ್ರ ವಿಷಯ ಎತ್ತುವುದಿಲ್ಲ, ಹೆದರಬೇಡ.

ನನ್ನ ಮೊದಲ ಆಯ್ಕೆ ಗೋಸೆ. ಜರ್ಮನಿಯ ಗೊಸ್ಲಾರ್‌ನಲ್ಲಿ ಹುಟ್ಟಿ, ಆಮೇಲೆ ಲೈಪ್‌ಜಿಗ್‌ನಲ್ಲಿ ಮನೆಮಾತಾದ ಬಿಯರ್ ಅದು. ಗೋಧಿ ಮಾಲ್ಟ್ (ಅಂದರೆ ಮೊಳಕೆ ಬರಿಸಿ ಒಣಗಿಸಿದ ಗೋಧಿ), ಕೊತ್ತಂಬರಿ ಬೀಜ, ಜೊತೆಗೆ ಉಪ್ಪು. ಬಿಯರಿಗೆ ಉಪ್ಪಾ ಅಂತ ಮೂಗು ಮುರಿಯಬೇಡ. ಅರ್ಧ ದಿನ ಹುಟ್ಟು ಹಾಕಿ ಬಂದಾಗ ನಿನ್ನ ತುಟಿಯ ಮೇಲೇ ಉಪ್ಪು ಕೂತಿರುತ್ತದೆ, ಬಾಯಿ ಒಣಗಿರುತ್ತದೆ, ಆಗ ಮೊದಲ ಗುಟುಕಿನ ಹುಳಿ ದವಡೆಯ ಹಿಂದೆ ಚುರುಕ್ ಅಂತ ಹಿಡಿಯುತ್ತದೆ, ಬಾಯಲ್ಲಿ ನೀರೂರುತ್ತದೆ, ಉಪ್ಪು ಕೊನೆಯಲ್ಲಿ ನಿಧಾನಕ್ಕೆ ಬರುತ್ತದೆ. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 4ರಿಂದ 5ರ ಒಳಗೆ. ಇದಕ್ಕಿಂತ ಹಗುರ ಬೇಕೆಂದರೆ ಬರ್ಲಿನರ್ ವೈಸೆ ನೋಡು, ಅದೂ ಹುಳಿಯೇ, ಸುಮಾರು ಶೇ. 3.

ಹುಳಿ ಆಗದವರಿಗೆ ಕೋಲ್ಷ್, ಹೊಂಬಣ್ಣದ ಹಗುರ ಬಿಯರ್. ಜರ್ಮನಿಯ ಕೋಲೋನ್‌ನಲ್ಲಿ ಅದನ್ನು 200 ಮಿಲಿಲೀಟರಿನ ಉದ್ದನೆ ಗ್ಲಾಸಿನಲ್ಲಿ ಕೊಡುತ್ತಾರೆ, ಬಿಸಿಯಾಗುವ ಮೊದಲೇ ಮುಗಿಯಲಿ ಅಂತ. ಬಿಸಿಲಲ್ಲಿ ಕೂತು ಕುಡಿಯುವವರಿಗೆ ಆ ಅಳತೆಯೇ ಸರಿ.

ಕಹಿ ಇಷ್ಟಪಡುವ ನಿನ್ನಂಥವನಿಗೆ ಪೇಲ್ ಏಲ್, ಹಾಪ್ಸ್ ಅನ್ನೋ ಹೂವಿನ ಕಹಿ ಇರುವ ಬಿಯರ್. ಅಮೆರಿಕದ ಸಿಯೆರಾ ನೆವಾಡಾ ಬಿಯರ್ ಕಂಪನಿಯವರು 1980ರಲ್ಲಿ ಕ್ಯಾಸ್ಕೇಡ್ ತಳಿಯ ಹಾಪ್ಸ್ ಹಾಕಿ ಮಾಡಿದ್ದು ಇವತ್ತಿಗೂ ಚೆನ್ನಾಗಿದೆ. ಡೇಲ್ಸ್ ಪೇಲ್ ಏಲ್ ಇನ್ನೊಂದು. ಕೊಲೊರಾಡೋದ ಆಸ್ಕರ್ ಬ್ಲೂಸ್ ಕಂಪನಿ ಅದನ್ನು 2002ರಲ್ಲೇ ಕ್ಯಾನಿಗೆ ತುಂಬಿತು, ಸಣ್ಣ ಕಂಪನಿಗಳು ಮಾಡುವ ಕ್ರಾಫ್ಟ್ ಬಿಯರ್ ಅಂದರೆ ಬಾಟಲಿ ಅನ್ನುತ್ತಿದ್ದ ಕಾಲದಲ್ಲಿ. ಆದರೆ ಅದು ಶೇ. 6.5, ದಣಿದು ಬಂದ ಮೈಗೆ ಜೋರಾಯಿತು. ಒಂದನ್ನೇ ಇಬ್ಬರು ಹಂಚಿಕೊಳ್ಳಬೇಕು.

ಕ್ಯಾನ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ದಡದಲ್ಲಿ ಎಲ್ಲರೂ ಬರಿಗಾಲು, ಗಾಜು ಒಡೆದರೆ ಮುಗಿಯಿತು. ಇನ್ನೊಂದು, ಬಿಸಿಲು ಬಿದ್ದರೆ ಹಾಪ್ಸಿನ ಕಹಿ ಅಂಶ ಒಡೆದು ಕೆಟ್ಟ ನಾತ ಬರುತ್ತದೆ. ಹಸಿರು ಮತ್ತು ಬಣ್ಣವಿಲ್ಲದ ಬಾಟಲಿಯಲ್ಲಿ ಇದು ಬೇಗ, ಕಂದು ಬಾಟಲಿಯಲ್ಲಿ ಕಡಿಮೆ, ಕ್ಯಾನಿನೊಳಗೆ ಬೆಳಕೇ ಹೋಗುವುದಿಲ್ಲ. ತಣ್ಣಗಿಡೋಕೆ ಐಸ್ ಪೆಟ್ಟಿಗೆ ಹೊರುವುದೂ ಬೇಡ. ಬಲೆ ಚೀಲಕ್ಕೆ ಹಾಕಿ ನೆರಳಿರುವ ಹರಿಯುವ ನೀರಲ್ಲಿ ಇಳಿಬಿಟ್ಟರೆ ಸಾಕು, ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿ ಎಳೆದುಕೊಳ್ಳುತ್ತದೆ.

ಚಳಿಗಾಲದಲ್ಲಿ ಲೆಕ್ಕ ಬೇರೆ. ಒದ್ದೆಯಾಗಿ ನಡುಗುತ್ತಾ ದಡ ಹತ್ತಿದಾಗ ಒಂದು ಕುಡಿದರೆ ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ ಅಲ್ವಾ, ಅದು ಸುಳ್ಳು ಬಿಸಿ. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ. ಆದ್ದರಿಂದ ಮೊದಲು ಒಣಬಟ್ಟೆ, ಆಮೇಲೆ ನೀರು, ಹೊಟ್ಟೆಗೆ ಏನಾದರೂ. ಬಿಯರ್ ಆಮೇಲೆ. ವಾಪಸ್ ಗಾಡಿ ಓಡಿಸುವವನಿಗೆ ಇಲ್ಲವೇ ಇಲ್ಲ.

ಇಷ್ಟೇ ಬರೆದು ನಿಲ್ಲಿಸೋಣ ಅಂತಿದ್ದೆ.

ಈಚೆಗೆ ಒಂದು ವಿಷಯ ಕಾಡುತ್ತಿದೆ. ಕೊನೆಯ ತಿರುವು ಬರುವಷ್ಟರಲ್ಲಿ ನನ್ನ ಮನಸ್ಸು ಹೊಳೆಯಲ್ಲಿ ಇರುವುದೇ ಇಲ್ಲ. ನೀನು ಮುಂದೆ ಹೋಗುತ್ತಾ ‘ನೋಡೋ, ಮಿಂಚುಳ್ಳಿ’ ಅಂತ ಕೈ ತೋರಿಸುತ್ತೀಯ, ನಾನು ಆ ಕಡೆ ತಿರುಗುತ್ತೇನೆ, ಆದರೆ ತಲೆಯಲ್ಲಿ ಓಡುತ್ತಿರುವುದು ಯಾವ ಕ್ಯಾನ್ ಮೊದಲು ತೆರೆಯೋಣ ಅನ್ನೋದು. ನಿನಗೆ ಇದನ್ನು ಎಂದೂ ಹೇಳಿಲ್ಲ: ಅಪ್ಪ ಸಂಜೆ ಕೆಲಸ ಮುಗಿಸಿ ಬಂದು ಬಾಟಲಿ ತೆರೆಯುವಾಗ ‘ದಣಿವಿಗೆ ಒಂದು’ ಅನ್ನುತ್ತಿದ್ದರು. ಕೆಟ್ಟವರಲ್ಲ. ಕೂಗಾಡಿದವರೂ ಅಲ್ಲ. ಆ ಒಂದು ಆದಮೇಲೆ ನಮ್ಮ ಜೊತೆ ಇರುತ್ತಿರಲಿಲ್ಲ, ಅಷ್ಟೇ, ಅಲ್ಲೇ ಕೂತಿದ್ದರೂ. ಕಳೆದ ಸಲ ದಡದಲ್ಲಿ ಕ್ಯಾನ್ ಹಿಡಿದುಕೊಂಡು ನಾನೂ ಅದೇ ಮಾತು ಶುರುಮಾಡಿದೆ, ‘ದಣಿವಿ...’ ಅಂತ. ನೀನು ಹಗ್ಗ ಸುತ್ತುತ್ತಿದ್ದೆ, ಕೇಳಿಸಿಕೊಳ್ಳಲಿಲ್ಲ.

ಆಮೇಲೆ ಒಬ್ಬನೇ ಹೋಗುವಾಗ ಆಲ್ಕೋಹಾಲ್ ಇಲ್ಲದ ಗೋಧಿ ಬಿಯರ್ ಒಯ್ದೆ. ಜರ್ಮನಿಯಲ್ಲಿ ಮ್ಯಾರಥಾನ್ ಓಡಿ ಬಂದವರಿಗೆ ಕೊಡುತ್ತಾರಲ್ಲ, ಅಂಥದ್ದು. ರುಚಿ ನಿಜವಾಗಿ ಚೆನ್ನಾಗಿತ್ತು, ನೊರೆ, ಮಾಲ್ಟಿನ ವಾಸನೆ, ಎಲ್ಲಾ ಇತ್ತು. ಆದರೂ ಖುಷಿ ಅರ್ಧವೇ ಬಂತು. ಇನ್ನರ್ಧ ಇಷ್ಟು ದಿನ ಎಲ್ಲಿಂದ ಬರುತ್ತಿತ್ತು ಅಂತ ಯೋಚಿಸುತ್ತಾ ತುಂಬಾ ಹೊತ್ತು ಕೂತೆ. ಭಯ ಆಯಿತು ಕಣೋ. ಬಿಡಬೇಕು ಅಂತೇನೂ ಅನ್ನಿಸಿಲ್ಲ, ಗೋಸೆ ನನಗೆ ಈಗಲೂ ಇಷ್ಟವೇ. ಆದರೆ ಮಿಂಚುಳ್ಳಿಯನ್ನು ಸರಿಯಾಗಿ ನೋಡಬೇಕು ನನಗೆ. ಅದಕ್ಕೇ ಇನ್ನು ಒಂದು ಬಿಟ್ಟು ಒಂದು ಸಲ ಆಲ್ಕೋಹಾಲ್ ಇಲ್ಲದ್ದೇ ಒಯ್ಯುತ್ತೇನೆ. ನಾನು ಮರೆತರೆ ನೀನು ನೆನಪಿಸು, ಎಲ್ಲರೆದುರಿಗೇ ನೆನಪಿಸು, ಬೇಜಾರಿಲ್ಲ.

ಸಾಕು, ಇಷ್ಟೆಲ್ಲ ಹೇಳೋಕೆ ಕೂತಿರಲಿಲ್ಲ. ಮುಂದಿನ ಸಲ ಕ್ಯಾನ್ ನನ್ನವು, ಬಲೆ ಚೀಲ ನಿನ್ನದು. ಗಂಟು ಎರಡು ಹಾಕು. ಬ್ಯಾಂಬರ್ಗ್‌ನ ಆ ಹೊಗೆ ಬಿಯರ್ ಮಾತ್ರ ದಯವಿಟ್ಟು ತರಬೇಡ, ಸೌದೆ ಹೊಗೆಯಲ್ಲಿ ಒಣಗಿಸಿದ ಮಾಲ್ಟಿನ ಬಗ್ಗೆ ನೀನು ಎಷ್ಟೇ ಭಾಷಣ ಬಿಗಿದರೂ ಅದನ್ನು ಕುಡಿಯುವವನು ನೀನೊಬ್ಬನೇ. ತಂದರೆ ಮೇಷ್ಟ್ರ ಕಥೆ ಇಲ್ಲೇ ಪೂರ್ತಿ ಬರೆಯುತ್ತೇನೆ.

ನಿನ್ನ,
ಹಿಂದಿನ ಸೀಟಿನವನು