ತರಕಾರಿ ತಾಕುಗಳಿಗೆ ಕಾಯುವವರ ಪಟ್ಟಿ ಅಳತೆಗೋಲಾಗಬಾರದು

ಮಾನ್ಯ ಸಂಪಾದಕರೇ,

ನಗರದ ಬಡಾವಣೆಗಳಲ್ಲಿ ಖಾಲಿ ಬಿದ್ದಿರುವ ಸಾರ್ವಜನಿಕ ಜಾಗವನ್ನು ನಿವಾಸಿಗಳಿಗೆ ತರಕಾರಿ ಬೆಳೆಯಲು ಸಣ್ಣ ತಾಕುಗಳಾಗಿ ಹಂಚಿಕೊಡಬೇಕೆಂಬ ಸಲಹೆ ಕನ್ನಡ ಪತ್ರಿಕೆಗಳ ವಾಚಕರ ವಿಭಾಗದಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಅಂಥ ಸಲಹೆ ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಇದಕ್ಕೆ ಬೇಡಿಕೆ ಎಷ್ಟಿದೆ ಎಂಬುದು. ಮೇಲ್ನೋಟಕ್ಕೆ ನ್ಯಾಯವಾಗಿಯೇ ತೋರುವ ಈ ಪ್ರಶ್ನೆಯನ್ನು ಇಂಗ್ಲೆಂಡ್ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಕೇಳಿಕೊಳ್ಳುತ್ತ ಬಂದಿದೆ. ಆಯಾ ಕಾಲಕ್ಕೆ ಸಿಕ್ಕ ಉತ್ತರವನ್ನು ನಂಬಿ ಬಹಳಷ್ಟು ನೆಲವನ್ನು ಕಳೆದುಕೊಂಡೂ ಇದೆ. ಇಲ್ಲಿನ ಮಿಡ್‌ಲ್ಯಾಂಡ್ಸ್ ಪ್ರಾಂತ್ಯದಲ್ಲಿ ನೆಲೆಸಿ, ಅಂಥದೊಂದು ತೋಟದಲ್ಲಿ ಅರ್ಧ ತಾಕಿನ ಗೇಣಿದಾರನಾಗಿರುವ ನನಗೆ, ಬೆಂಗಳೂರಿನಲ್ಲಿ ಈ ಯೋಚನೆ ಎಂದಾದರೂ ಜಾರಿಗೆ ಬರುವುದಾದರೆ ಇದೇ ತಪ್ಪು ಅಲ್ಲಿ ಮರುಕಳಿಸಬಾರದೆಂಬ ಕಾಳಜಿ ಇರುವುದರಿಂದ ಈ ಪತ್ರ.

ಇಲ್ಲಿ ಅಲಾಟ್‌ಮೆಂಟ್ ಎಂದು ಕರೆಯುವ ಈ ತೋಟಗಳ ವ್ಯವಸ್ಥೆ ಸರಳವಾದದ್ದು. ನಗರಸಭೆಯೋ ಪಂಚಾಯಿತಿಯೋ ತನ್ನ ಒಡೆತನದ ಜಮೀನನ್ನು ತಾಕುಗಳಾಗಿ ವಿಂಗಡಿಸಿ ವರ್ಷದ ಗೇಣಿಗೆ ಕೊಡುತ್ತದೆ. ಗೇಣಿದಾರರು ಅದರಲ್ಲಿ ಮುಖ್ಯವಾಗಿ ತಮ್ಮ ಮನೆ ಬಳಕೆಗೆ ಬೇಕಾದ ತರಕಾರಿ, ಹಣ್ಣು ಬೆಳೆದುಕೊಳ್ಳಬೇಕು. ಪೂರ್ಣ ತಾಕೆಂದರೆ ಎಕರೆಯ ಹದಿನಾರನೆಯ ಒಂದು ಭಾಗ, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಬೆಂಗಳೂರಿನ 30x40 ನಿವೇಶನಗಳು ಎರಡು ಸೇರಿದರೂ ಅದಕ್ಕಿಂತ ಸ್ವಲ್ಪ ಕಡಿಮೆಯೇ. ಊರಿನ ಗೋಮಾಳದಂಥ ಸಾಮೂಹಿಕ ಭೂಮಿಗೆಲ್ಲ ಬೇಲಿ ಬಿದ್ದು ಹೊಲವಿಲ್ಲದಂತಾದ ಕೂಲಿಕಾರರ ಹೊಟ್ಟೆಪಾಡಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಈ ಪದ್ಧತಿಗೆ 1908ರ ಕಾಯ್ದೆ ಭದ್ರವಾದ ಬುನಾದಿ ಹಾಕಿತು. ಬೇಡಿಕೆ ಇದೆ ಎಂದು ಕಂಡುಬಂದರೆ ಸಾಕಷ್ಟು ತಾಕುಗಳನ್ನು ಒದಗಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು ಅದು ಹೇಳುತ್ತದೆ, ಮತ್ತು ಆರು ಮಂದಿ ಮತದಾರರೋ ತೆರಿಗೆದಾರರೋ ಲಿಖಿತವಾಗಿ ಕೇಳಿಕೊಂಡರೆ ಅದನ್ನು ಪರಿಗಣಿಸಲೇಬೇಕು. ಆದರೆ ಆ ಕರ್ತವ್ಯವನ್ನು ಎಷ್ಟು ಕಾಲದೊಳಗೆ ನೆರವೇರಿಸಬೇಕೆಂದು ಕಾಯ್ದೆ ಹೇಳುವುದಿಲ್ಲ. ಬೇಡಿಕೆಯನ್ನು ಹೇಗೆ ಅಳೆಯಬೇಕೆಂಬುದನ್ನೂ ಹೇಳುವುದಿಲ್ಲ. ಮುಂದಿನ ಎಲ್ಲ ತೊಡಕುಗಳಿಗೂ ಮೂಲ ಈ ಎರಡು ಲೋಪಗಳೇ ಎಂಬುದು ನನ್ನ ಅಭಿಪ್ರಾಯ.

ಬೇಡಿಕೆಯ ಏರಿಳಿತವನ್ನು ನೋಡಿದರೆ ಯಾವ ಅಧಿಕಾರಿಯೂ ಅದನ್ನು ಮುಂದಾಗಿ ಊಹಿಸಲಾರ ಎಂಬುದು ತಿಳಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಆಹಾರದ ಹಡಗುಗಳನ್ನು ಮುಳುಗಿಸತೊಡಗಿದ ಮೇಲೆ ತಾಕುಗಳ ಸಂಖ್ಯೆ 1918ರ ಹೊತ್ತಿಗೆ ಸುಮಾರು 15 ಲಕ್ಷಕ್ಕೆ ಏರಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉದ್ಯಾನಗಳನ್ನು ಅಗೆದದ್ದು ಹಾಗಿರಲಿ, ಲಂಡನ್ ಗೋಪುರದ ಕಂದಕದಲ್ಲಿಯೂ ತರಕಾರಿ ಬೆಳೆದರು. ಸಂಖ್ಯೆ ಮತ್ತೆ ಅದೇ ಮಟ್ಟದ ಹತ್ತಿರ ಬಂತು. ಯುದ್ಧ ಮುಗಿದು, ಪಡಿತರ ನಿಂತು, ಕೈಯಲ್ಲಿ ಕಾಸು ಓಡಾಡತೊಡಗಿದಾಗ ಜನ ತಾಕುಗಳನ್ನು ಬಿಟ್ಟುಕೊಟ್ಟರು. 1970ರ ವೇಳೆಗೆ ಉಳಿದಿದ್ದವು ಸುಮಾರು 5.3 ಲಕ್ಷ. ಪರಿಸ್ಥಿತಿಯನ್ನು ಪರಿಶೀಲಿಸಲು ಸರ್ಕಾರ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಭೂಗೋಳ ಪ್ರಾಧ್ಯಾಪಕ ಹ್ಯಾರಿ ಥಾರ್ಪ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ಸಮಿತಿ 1969ರಲ್ಲಿ ಕೊಟ್ಟ ವರದಿಯಲ್ಲಿ, ಬಡವರ ಹೊಟ್ಟೆಪಾಡಿನ ಕಾಲ ಮುಗಿದಿದೆ, ಇನ್ನು ಇವನ್ನು ವಿರಾಮದ ತೋಟಗಳೆಂದು ಕರೆದು ಅಂದವಾಗಿ ರೂಪಿಸಬೇಕೆಂಬ ಆಶಯವಿತ್ತು. ಶಿಫಾರಸುಗಳು ಬಹುಪಾಲು ಕಡತದಲ್ಲೇ ಉಳಿದವು. ಅಷ್ಟರಲ್ಲಿ ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು, ಬೆಲೆಯೇರಿಕೆ ಬಂದು, ಯಾರಿಗೂ ಬೇಡವೆನಿಸಿದ್ದ ತಾಕುಗಳಿಗೆ ಜನ ಮತ್ತೆ ಸಾಲುಗಟ್ಟಿದರು. ಅದೂ ತಣ್ಣಗಾಯಿತು. 1996ರ ಸುಮಾರಿಗೆ ನೂರು ತಾಕುಗಳಿಗೆ ಕಾಯುತ್ತಿದ್ದವರು ಬರೀ ನಾಲ್ಕು ಮಂದಿ. 2013ರ ಹೊತ್ತಿಗೆ ಅದೇ ನೂರು ತಾಕುಗಳಿಗೆ 52 ಮಂದಿ. ಕೋವಿಡ್ ಬಂದ 2020ರ ವಸಂತದಲ್ಲಿ, ಮನೆಬಿಟ್ಟು ಹೊರಡಲು ಅನುಮತಿಯಿದ್ದ ಕೆಲವೇ ಜಾಗಗಳಲ್ಲಿ ಈ ತೋಟಗಳೂ ಸೇರಿದ್ದರಿಂದ ಅರ್ಜಿಗಳು ಹರಿದುಬಂದವು. ಗ್ರೀನ್‌ಪೀಸ್ ಸಂಸ್ಥೆ ಮಾಹಿತಿ ಹಕ್ಕಿನಡಿ ಸ್ಥಳೀಯ ಸಂಸ್ಥೆಗಳಿಂದ ಪಡೆದು 2023ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ ಬ್ರಿಟನ್ನಿನಲ್ಲಿ ತಾಕಿಗಾಗಿ ಕಾಯುವವರ ಪಟ್ಟಿಗಳಲ್ಲಿ ಕನಿಷ್ಠ 1.74 ಲಕ್ಷ ಹೆಸರುಗಳಿದ್ದವು. ಈಗ ಇರುವ ತಾಕುಗಳಾದರೂ ಸುಮಾರು 3.3 ಲಕ್ಷ ಮಾತ್ರ.

ನಡುವಣ ಆ ನೆಲ ಎಲ್ಲಿ ಹೋಯಿತು? ಬೇಡಿಕೆ ತಗ್ಗಿದ ದಶಕಗಳಲ್ಲಿ ಖಾಲಿ ತಾಕುಗಳನ್ನು ಕಂಡ ನಗರಸಭೆಗಳು ಅವನ್ನು ಮನೆ, ಶಾಲೆ, ರಸ್ತೆಗಳಿಗೆ ತಿರುಗಿಸಿದವು. ಹತ್ತು ನಗರಪ್ರದೇಶಗಳ ಹಳೆಯ ಮತ್ತು ಹೊಸ ನಕ್ಷೆಗಳನ್ನು ಹೋಲಿಸಿ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಉಚ್ಛ್ರಾಯದ ಕಾಲದಲ್ಲಿದ್ದ ತೋಟದ ನೆಲದಲ್ಲಿ ಶೇ 65ರಷ್ಟು 2016ರ ವೇಳೆಗೆ ಇಲ್ಲವಾಗಿದೆ. ಅದರಲ್ಲೂ ಗಮನಿಸಬೇಕಾದದ್ದು, ಉಳ್ಳವರ ಬಡಾವಣೆಗಳಿಗೆ ಹೋಲಿಸಿದರೆ ಕಡುಬಡವರು ಹೆಚ್ಚಿರುವ ಬಡಾವಣೆಗಳಲ್ಲಿ ಈ ನಷ್ಟ ಎಂಟು ಪಟ್ಟು. ತರಕಾರಿಯ ಅಗತ್ಯ ಅತಿ ಹೆಚ್ಚಾಗಿದ್ದ ಕಡೆಯೇ ಬೇಡಿಕೆ ಇಲ್ಲವೆಂಬ ಕಾರಣ ಸಿಕ್ಕಿಬಿಟ್ಟಿತೆಂದರೆ, ಅಳತೆಯಲ್ಲೇ ಏನೋ ದೋಷವಿದೆ ಎಂದು ಯಾರಿಗಾದರೂ ಅನ್ನಿಸಬೇಕು.

ಆ ದೋಷ ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಒಂದು ತೋಟದ ನಲ್ಲಿ ಕೆಟ್ಟು ರಿಪೇರಿಯಾಗದೆ ಉಳಿಯುತ್ತದೆ, ಗೇಟಿನ ಬೀಗ ಮುರಿದು ಗುಡಿಸಲುಗಳಲ್ಲಿಟ್ಟ ಸಲಕರಣೆ ಕಳುವಾಗುತ್ತದೆ, ಒಬ್ಬಿಬ್ಬರು ಬಿಟ್ಟುಹೋಗುತ್ತಾರೆ. ಬಿಟ್ಟ ತಾಕಿನಲ್ಲಿ ಬ್ಲ್ಯಾಕ್‌ಬೆರಿ ಮುಳ್ಳುಬಳ್ಳಿ ಎರಡೇ ಬೇಸಿಗೆಯಲ್ಲಿ ಆಳೆತ್ತರ ಬೆಳೆದು ನಿಲ್ಲುತ್ತದೆ, ಅದರಡಿಯಲ್ಲಿ ಗರಿಕೆಯಂಥ ಕೌಚ್ ಹುಲ್ಲಿನ ಬಿಳಿ ಬೇರು ಹೊಸೆದ ಹಗ್ಗದಂತೆ ಹೆಣೆದುಕೊಂಡು ಪಕ್ಕದ ತಾಕಿಗೂ ನುಗ್ಗುತ್ತದೆ. ಹೊಸದಾಗಿ ಜಾಗ ನೋಡಲು ಬಂದ ದಂಪತಿ ಅದನ್ನು ಕಂಡು, ಕೆಲಸಕ್ಕೆ ಹೋಗುವ ನಮ್ಮಿಂದ ಇದು ಆಗದು ಎಂದು ಹಿಂದಿರುಗುತ್ತಾರೆ. ಕಚೇರಿಯ ದಾಖಲೆಯಲ್ಲಿ ಅದು, ತಾಕು ತೋರಿಸಲಾಯಿತು, ಅರ್ಜಿದಾರರು ನಿರಾಕರಿಸಿದರು ಎಂದು ಸೇರುತ್ತದೆ. ಹೀಗೆ ನಾಲ್ಕಾರು ವರ್ಷ ನಡೆದರೆ ಆ ತೋಟಕ್ಕೆ ಬೇಡಿಕೆ ಇಲ್ಲವೆಂದು ಸಾಬೀತಾದಂತೆಯೇ. ಇನ್ನೊಂದು ಕಡೆ, ಚೆನ್ನಾಗಿ ನಡೆಯುವ ತೋಟಕ್ಕೆ ಪಟ್ಟಿ ಎಷ್ಟು ಉದ್ದವಾಗುತ್ತದೆಂದರೆ ಹೊಸ ಹೆಸರು ಬರೆದುಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಬಂದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಲಂಡನ್ನಿನ ಕ್ಯಾಮ್‌ಡೆನ್‌ನಲ್ಲಿ ಹಿಂದೊಮ್ಮೆ ಕಾಯುವ ಅವಧಿ ನಲವತ್ತು ವರ್ಷ ಎಂದು ವರದಿಯಾಗಿತ್ತು. ನಿವೃತ್ತಿಯ ಅಂಚಿನಲ್ಲಿರುವ ಯಾರು ತಾನೇ ಅಲ್ಲಿ ಹೆಸರು ಬರೆಸುತ್ತಾರೆ? (ಒಳಲಂಡನ್ನಿನ ಸ್ಥಳೀಯ ಸಂಸ್ಥೆಗಳಿಗೆ ತಾಕು ಒದಗಿಸುವ ಕಾನೂನುಬದ್ಧ ಕರ್ತವ್ಯವನ್ನೇ 1963ರ ಕಾಯ್ದೆ ತೆಗೆದುಹಾಕಿತೆಂಬುದನ್ನೂ ಇಲ್ಲಿ ನೆನೆಯಬಹುದು.) ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಊರು ಬದಲಿಸುವವರು ಸ್ಥಳೀಯ ನಿವಾಸಿಯಾಗಿರಬೇಕೆಂಬ ಷರತ್ತಿನಿಂದಾಗಿ ಪ್ರತಿಸಲ ಪಟ್ಟಿಯ ಕೊನೆಗೆ ಬೀಳುತ್ತಾರೆ. ಇದಕ್ಕೆ ವಿರುದ್ಧವಾಗಿ, ಒಬ್ಬರದೇ ಹೆಸರು ಮೂರು ಪಟ್ಟಿಗಳಲ್ಲಿರುವುದೂ ಉಂಟು, ಊರು ಬಿಟ್ಟವರ, ತೀರಿಕೊಂಡವರ ಹೆಸರು ಹಾಗೆಯೇ ಉಳಿದಿರುವುದೂ ಉಂಟು. ಹೆಚ್ಚಾಗಿಯೂ ಕಡಿಮೆಯಾಗಿಯೂ ಸುಳ್ಳು ಹೇಳಬಲ್ಲ ಈ ಸಂಖ್ಯೆಯ ಮೇಲೆ ಒಮ್ಮೆ ಹೋದರೆ ಬಾರದ ನೆಲದ ಭವಿಷ್ಯವನ್ನು ತೀರ್ಮಾನಿಸುವುದು ನನಗಂತೂ ಸರಿಕಾಣುವುದಿಲ್ಲ.

ಬೇಡಿಕೆಯ ಪ್ರಮಾಣದಂತೆಯೇ ಅದರ ಸ್ವರೂಪವೂ ಬದಲಾಗಿದೆ. ಎರಡೂವರೆ ಗುಂಟೆ ಎಂಬುದು ವರ್ಷದ ಆಲೂಗಡ್ಡೆಯನ್ನು ಅಲ್ಲೇ ಬೆಳೆದುಕೊಳ್ಳುತ್ತಿದ್ದ ದೊಡ್ಡ ಕುಟುಂಬದ ಲೆಕ್ಕ. ಈಗ ಬರುವವರಲ್ಲಿ ಅಪಾರ್ಟ್‌ಮೆಂಟಿನ ಸಣ್ಣ ಸಂಸಾರಗಳು, ಉದ್ಯೋಗಸ್ಥ ಮಹಿಳೆಯರು, ಹೊರದೇಶಗಳಿಂದ ಬಂದು ನೆಲೆಸಿದವರು ಬಹಳ. ಅವರಿಗೆ ಬೇಕಾಗಿರುವುದು ವಾರಾಂತ್ಯದಲ್ಲಿ ನಿಭಾಯಿಸಬಹುದಾದಷ್ಟು ಜಾಗ. ಹೀಗಾಗಿ ಪಟ್ಟಿಯನ್ನು ಕರಗಿಸಲು ಗೂಟ ನೆಟ್ಟು, ದಾರ ಹಿಡಿದು ತಾಕುಗಳನ್ನು ಅರ್ಧ, ಕಾಲು ಮಾಡಿ ಕೊಡುವ ರೂಢಿ ಈಗ ಎಲ್ಲೆಡೆ ಬಂದಿದೆ. ಹಳಬರಲ್ಲಿ ಇದಕ್ಕೆ ಅಸಮಾಧಾನವಿದೆ, ಅದರಲ್ಲಿ ನಿಜವೂ ಇದೆ, ಏಕೆಂದರೆ ನೂರಕ್ಕೆ ನೂರೈವತ್ತು ಗೇಣಿದಾರರನ್ನು ತೋರಿಸಿದ ನಗರಸಭೆಗೆ ಹೊಸ ನೆಲ ಹುಡುಕುವ ತಾಪತ್ರಯ ತಪ್ಪುತ್ತದೆ. ಆದರೂ ಅರ್ಧ ತಾಕಿನ ಪರವಾಗಿಯೇ ನಾನಿದ್ದೇನೆ. ಪೂರ್ಣ ತಾಕು ಪಡೆದು ಮೊದಲ ವರ್ಷವೇ ಕೈಚೆಲ್ಲುವವರನ್ನು ನೋಡಿದವರಿಗೆ ಇದರ ಕಾರಣ ಗೊತ್ತು.

ಬೆಳೆಗಳಲ್ಲೂ ಈ ಬದಲಾವಣೆ ಕಾಣುತ್ತದೆ. ನಮ್ಮ ತೋಟದಲ್ಲಿ ಎಲೆಕೋಸು, ಲೀಕ್, ರೂಬಾರ್ಬ್‌ಗಳ ಪಕ್ಕದಲ್ಲೇ ಮೆಂತ್ಯ, ದಂಟು, ಸೋರೆ, ಹಸಿಮೆಣಸು ಇವೆ. ಬೇಸಿಗೆಯಲ್ಲಿ ಮೆಂತ್ಯ, ದಂಟು ಸೊಗಸಾಗಿ ಬರುತ್ತವೆ. ಕೊತ್ತಂಬರಿ ಉದ್ದ ಹಗಲಿಗೆ ಬೇಗನೆ ಹೂಕಟ್ಟಿಬಿಡುತ್ತದೆ. ಕನ್ನಡಿಗರ ಆಸೆಯೆಲ್ಲ ಅವರೆಯ ಮೇಲೆ. ಊರಿನ ಸೊಗಡಿನ ಅವರೆಗೆ ಹಗಲು ಕಿರಿದಾದ ಮೇಲಷ್ಟೇ ಹೂ ಬಿಡುವ ಗುಣ. ಜೂನಿನಲ್ಲಿ ಹದಿನಾರು ಗಂಟೆಗೂ ಮೀರಿ ಹಗಲಿರುವ ಇಲ್ಲಿ ಬಳ್ಳಿ ಬರೀ ಎಲೆಯಾಗಿ ಹಬ್ಬಿ, ಹೂ ಕಾಣುವ ಹೊತ್ತಿಗೆ ಹಿಮ ಬಿದ್ದು ಕಪ್ಪಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದಕ್ಕೆ ಜಗ್ಗದ ಹೆಬ್ಬಾಳ ಅವರೆ ತಳಿಗಳನ್ನು ಬಿಡುಗಡೆ ಮಾಡಿರುವುದರಿಂದ, ಪ್ಲಾಸ್ಟಿಕ್ ಹೊದಿಕೆಯ ಮನೆಯೊಳಗೆ ಬೆಚ್ಚಗಿಟ್ಟರೆ ಅವಕ್ಕೊಂದು ಅವಕಾಶವಿದೆ. ಹೀಗೆ ವಲಸೆ ಬಂದವರು ಬೆಳೆಯುವ ಬೆಳೆಗಳನ್ನು, ಅವರು ಉಳಿಸಿಕೊಂಡ ಬೀಜಗಳನ್ನು ಕವೆಂಟ್ರಿ ಬಳಿಯ ಗಾರ್ಡನ್ ಆರ್ಗ್ಯಾನಿಕ್ ಸಂಸ್ಥೆ ಆಸ್ಥೆಯಿಂದ ದಾಖಲಿಸಿದೆ. ಥಾರ್ಪ್ ಸಮಿತಿ ವರದಿ ಬರೆದ 1969ರಲ್ಲಿ ಇಂಥ ಬೇಡಿಕೆಯೊಂದು ಮುಂದೆ ಬರಲಿದೆಯೆಂದು ಯಾರ ಪಟ್ಟಿಯಲ್ಲಿ ಬರೆದಿತ್ತು?

ಕಾನೂನಿನ ರಕ್ಷಣೆ ಇಲ್ಲವೆಂದೇನೂ ಅಲ್ಲ. ಈ ತೋಟಗಳಿಗೆಂದೇ ಕೊಂಡ ಅಥವಾ ಮೀಸಲಿಟ್ಟ ನೆಲವನ್ನು ಸಚಿವರ ಒಪ್ಪಿಗೆಯಿಲ್ಲದೆ ಮಾರಬಾರದೆಂದು 1925ರ ಕಾಯ್ದೆ ಹೇಳುತ್ತದೆ. ಆದರೆ ವಾಟ್‌ಫರ್ಡ್‌ನ ಫಾರ್ಮ್ ಟೆರೇಸ್ ತೋಟದ ಗೇಣಿದಾರರು ಆಸ್ಪತ್ರೆಯ ಪಕ್ಕದ ಅಭಿವೃದ್ಧಿ ಯೋಜನೆಯ ವಿರುದ್ಧ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿಯೂ 2016ರಲ್ಲಿ ಸೋತರು. 2025ರಲ್ಲಿ ಎಂಟು ತೋಟಗಳ ಮಾರಾಟಕ್ಕೆ ಒಪ್ಪಿಗೆ ಸಿಕ್ಕ ಸುದ್ದಿ ಹೊರಬಂದಾಗ, ಸ್ವತಃ ತಾಕು ಹೊಂದಿರುವ ಸಂಸದ ಜೆರೆಮಿ ಕಾರ್ಬಿನ್ ಬಹಿರಂಗವಾಗಿ ಪ್ರತಿಭಟಿಸಿದರು. ಸ್ಕಾಟ್ಲೆಂಡ್ ಮಾತ್ರ ಸ್ವಲ್ಪ ಬುದ್ಧಿವಂತಿಕೆ ತೋರಿದೆ: ಅಲ್ಲಿನ 2015ರ ಕಾಯ್ದೆಯಂತೆ ಪಟ್ಟಿಯಲ್ಲಿರುವವರ ಸಂಖ್ಯೆ ಒಟ್ಟು ತಾಕುಗಳ ಅರ್ಧವನ್ನು ಮೀರದಂತೆ, ಯಾರೂ ಐದು ವರ್ಷಕ್ಕಿಂತ ಹೆಚ್ಚು ಕಾಯದಂತೆ ನೋಡಿಕೊಳ್ಳಲು ಸ್ಥಳೀಯ ಸಂಸ್ಥೆ ಸೂಕ್ತ ಕ್ರಮ ಕೈಗೊಳ್ಳಬೇಕು. ಅಲ್ಲೂ ಅಳತೆಗೋಲು ಪಟ್ಟಿಯೇ.

ಈ ವಿಷಯದಲ್ಲಿ ಕರ್ನಾಟಕದ ಕಾನೂನಿನಲ್ಲಿ ಇಂಗ್ಲೆಂಡಿಗಿಂತ ಉತ್ತಮವಾದ ತತ್ವವೊಂದು ಈಗಾಗಲೇ ಇದೆಯೆಂಬುದು ನನ್ನ ಮುಖ್ಯ ವಾದ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಬಡಾವಣೆಯ ಶೇ 15ರಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10ರಷ್ಟನ್ನು ನಾಗರಿಕ ಸೌಲಭ್ಯಕ್ಕೆ ಬಿಡಬೇಕೆನ್ನುತ್ತದೆ. ಉದ್ಯಾನದಲ್ಲಿ ಎಷ್ಟು ಮಂದಿ ವಾಯುವಿಹಾರಕ್ಕೆ ಬರುವರು, ಎಷ್ಟು ಅರ್ಜಿ ಬಂದಿವೆ ಎಂದು ಅದು ಕೇಳುವುದಿಲ್ಲ. ಸದಾಶಿವನಗರದಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದ ಆದೇಶ ನಿವಾಸಿಗಳ ಅರ್ಜಿಯ ಮೇಲೆ ಹೈಕೋರ್ಟಿನಲ್ಲಿ ರದ್ದಾಗಿ, 1991ರಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿದದ್ದು ಈ ತತ್ವದ ಬಲದಿಂದಲೇ. ತರಕಾರಿ ತಾಕುಗಳಿಗೂ ಬಡಾವಣೆಯ ವಿಸ್ತೀರ್ಣಕ್ಕೆ ತಕ್ಕಂತೆ ಒಂದು ಸಣ್ಣ ಪಾಲನ್ನು ನಿಯಮದಲ್ಲೇ ನಿಗದಿಪಡಿಸಿದರೆ ಸಾಕು. ಹಾಲಿ ಉದ್ಯಾನಗಳನ್ನು ಇದಕ್ಕಾಗಿ ಕತ್ತರಿಸಬೇಕೆಂದು ನಾನು ಹೇಳುತ್ತಿಲ್ಲ. ಹೊಸ ಬಡಾವಣೆಗಳ ಮಾತು ಇದು. ಬೆಂಗಳೂರಿನ ಭೂಮಿಯ ಬೆಲೆಗೆ ಒಂದು ಸಂಸಾರಕ್ಕೆ ಎರಡೂವರೆ ಗುಂಟೆ ಎಂಬುದು ಅನ್ಯಾಯವೇ ಆದೀತು, ಅದರ ಹತ್ತನೆಯ ಒಂದು ಭಾಗದಲ್ಲಿಯೂ ಸೊಪ್ಪು, ಬದನೆ, ಬೀನ್ಸ್ ಧಾರಾಳವಾಗಿ ಬೆಳೆಯಬಹುದು. ನೀರಿನ ಪ್ರಶ್ನೆ ಬೇಡಿಕೆಯ ಪ್ರಶ್ನೆಗಿಂತ ದೊಡ್ಡದು. 2024ರ ಬೇಸಿಗೆಯ ಬವಣೆ ಕಂಡ ನಗರದಲ್ಲಿ ಕೊಳವೆಬಾವಿಯನ್ನು ನೆಚ್ಚುವ ಬದಲು ಮಳೆನೀರಿನ ಸಂಗ್ರಹವನ್ನು ತೋಟದ ವಿನ್ಯಾಸದಲ್ಲೇ ಸೇರಿಸಬೇಕಾಗುತ್ತದೆ.

ಪ್ರಾಧಿಕಾರವಾಗಲಿ ಪಾಲಿಕೆಯಾಗಲಿ ಇದನ್ನು ಮೊದಲು ಪ್ರಾಯೋಗಿಕವಾಗಿ ಒಂದೆರಡು ಬಡಾವಣೆಗಳಲ್ಲಿ ಆರಂಭಿಸಬಹುದು. ತಾಕು ಪಡೆದವರು ಬೆಳೆಯದೆ ಬಿಟ್ಟರೆ ನೋಟಿಸ್ ಕೊಟ್ಟು ಇನ್ನೊಬ್ಬರಿಗೆ ವರ್ಗಾಯಿಸುವ ನಿಯಮವೂ ಇರಲಿ. ಎರಡು ವರ್ಷಗಳ ಬಳಿಕ ಅರ್ಜಿಗಳ ಸಂಖ್ಯೆ ನೋಡಿ ಆ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸಿಕೊಳ್ಳಬಹುದೆಂಬ ಷರತ್ತನ್ನು ಮಾತ್ರ ಆದೇಶದಲ್ಲಿ ಸೇರಿಸಬಾರದೆಂದು ಸಂಬಂಧಪಟ್ಟವರಲ್ಲಿ ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಮಿಡ್‌ಲ್ಯಾಂಡ್ಸ್, ಇಂಗ್ಲೆಂಡ್