ಫೆಬ್ರವರಿ 9ರ ರಜೆ ಜೀತದಾಳಿಗೂ ಸಿಗಲಿ: ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಜೀತ ಪದ್ಧತಿ ನಿರ್ಮೂಲನಾ ದಿನವನ್ನು ಕೂಲಿ ಸಹಿತ ಸಾರ್ವತ್ರಿಕ ರಜೆಯಾಗಿ ಘೋಷಿಸುವ ಬಗ್ಗೆ

ಮಾನ್ಯರೇ,

ಕೇಳುವುದು ಒಂದೇ. ಜೀತ ಪದ್ಧತಿ ನಿರ್ಮೂಲನಾ ದಿನವಾದ ಫೆಬ್ರವರಿ 9 ಸಾರ್ವತ್ರಿಕ ರಜೆಯಾಗಬೇಕು, ಅದು ಕೂಲಿ ಸಹಿತ ರಜೆಯಾಗಬೇಕು, ಹೊಲ, ತೋಟ, ಇಟ್ಟಿಗೆ ಭಟ್ಟಿಗಳಲ್ಲಿ ಮುಂಗಡಕ್ಕೆ ಸಿಕ್ಕಿಬಿದ್ದು ದುಡಿಯುವವರಿಗೆ ಎಲ್ಲರಿಗಿಂತ ಮೊದಲು ಸಿಗಬೇಕು. ಇದನ್ನೇ ಮನವಿಯಾಗಿ ಕೊಟ್ಟು ಕೊಟ್ಟು ಸಾಕಾಗಿದೆ. ಪ್ರತಿ ಸಲ ‘ಪರಿಶೀಲನೆಗಾಗಿ ರವಾನಿಸಲಾಗಿದೆ’ ಎಂಬ ಹಿಂಬರಹ ಬರುತ್ತದೆ. ಕಡತ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಗಿ ಅಲ್ಲೇ ಮಲಗುತ್ತದೆ. ಅದಕ್ಕೇ ಈ ಸಲ ಎಲ್ಲರೆದುರು ಬರೆಯುತ್ತಿದ್ದೇನೆ.

ಜೀತವನ್ನು ರದ್ದು ಮಾಡಿದ ಸುಗ್ರೀವಾಜ್ಞೆ ಜಾರಿಗೆ ಬಂದದ್ದು 1975ರ ಅಕ್ಟೋಬರ್ 25ರಂದು. ಅದರ ಜಾಗದಲ್ಲಿ ಬಂದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1976ರ ಫೆಬ್ರವರಿ 9ರಂದು. ಕಾಯ್ದೆಯ 4ನೇ ಕಲಮು ಜೀತದಾಳುಗಳನ್ನೆಲ್ಲ ಒಂದೇ ಏಟಿಗೆ ಬಿಡುಗಡೆ ಮಾಡಿತು. 6ನೇ ಕಲಮು ಜೀತದ ಸಾಲವನ್ನು ಅಳಿಸಿ ಹಾಕಿತು. ಸಾಲ ಜೀತದ್ದಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು 15ನೇ ಕಲಮು ಸಾಲ ಕೊಟ್ಟವನ ತಲೆಗೇ ಕಟ್ಟಿತು. ತಲೆಮಾರುಗಟ್ಟಲೆ ಅಪ್ಪನ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ ದನ ಕಾಯ್ದು ಗದ್ದೆ ಗೇಯ್ದ ಈ ನಾಡಿನಲ್ಲಿ ಇದಕ್ಕಿಂತ ದೊಡ್ಡ ದಿನಗಳು ಹೆಚ್ಚಿಲ್ಲ. ಬಸವ ಜಯಂತಿ, ಅಂಬೇಡ್ಕರ್ ಜಯಂತಿ, ವಾಲ್ಮೀಕಿ ಜಯಂತಿ, ಕನಕ ಜಯಂತಿ ರಜಾ ಪಟ್ಟಿಯಲ್ಲಿವೆ, ಇರಲೇಬೇಕು. ಹೆಸರಿಲ್ಲದೆ ದುಡಿದು ಸತ್ತ ಲಕ್ಷಾಂತರ ಜೀತದಾಳುಗಳಿಗೆ ಸೇರಿದ ದಿನ ಮಾತ್ರ ಪಟ್ಟಿಯಲ್ಲಿಲ್ಲ.

ಆ ದಿನ ಸರ್ಕಾರಿ ಕಚೇರಿಗಳಲ್ಲಿ ಇರುವುದು ಜೀತದ ವಿರುದ್ಧ ಒಂದು ಪ್ರಮಾಣ ವಚನ. ಸುತ್ತೋಲೆ ಬರುತ್ತದೆ, ಸಿಬ್ಬಂದಿ ಸಾಲಾಗಿ ನಿಲ್ಲುತ್ತಾರೆ, ಓದುತ್ತಾರೆ, ಫೋಟೋ ವಾಟ್ಸಾಪ್ ಗುಂಪಿಗೆ ಹೋಗುತ್ತದೆ.

ಒಂದು ತಾಲ್ಲೂಕು ಕಚೇರಿಯಲ್ಲಿ ನಡೆದದ್ದನ್ನು ಹೇಳದೆ ಬಿಡಲಾರೆ. ಫೆಬ್ರವರಿ 9ರ ಬೆಳಿಗ್ಗೆ ಹಜಾರದಲ್ಲಿ ಬಲಗೈ ಚಾಚಿ ಪ್ರಮಾಣ ಓದುತ್ತಿದ್ದಾಗ, ಇಟ್ಟಿಗೆ ಭಟ್ಟಿಯಿಂದ ತಪ್ಪಿಸಿಕೊಂಡು ಬಂದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಮೆಟ್ಟಿಲ ಮೇಲೆ ಕೂತಿದ್ದರು. ಹಸಿ ಮಣ್ಣು ಕಲಸಿ, ಅಚ್ಚು ಹೊಡೆದು ಆ ಹೆಂಗಸಿನ ಅಂಗೈ ಒಡೆದು ಸೀಳಿತ್ತು. ಪ್ರಮಾಣ ಮುಗಿಯಿತು, ಅವರನ್ನು ಒಳಗೆ ಕರೆದರು. ಕೇಳಿದ ಮೊದಲ ಮಾತು, “ಅಡ್ವಾನ್ಸ್ ಎಷ್ಟು ತಗೊಂಡಿದ್ದೀರಿ?” ಎರಡನೆಯದು, “ದುಡ್ಡು ತಗೊಂಡು ಹಿಂಗೆ ಓಡಿ ಬಂದ್ರೆ ಅವರ ಗತಿ ಏನು?” ಭಟ್ಟಿ ಮಾಲೀಕನಿಗೆ ಫೋನ್ ಹೋಯಿತು. ಅವನು ಬಂದ, ಅವನಿಗೆ ಕುರ್ಚಿ ಹಾಕಿಸಿದರು. ಆ ಕುಟುಂಬ ನಿಂತೇ ಇತ್ತು. “ಮಾತಾಡಿ ಸೆಟ್ಲ್ ಮಾಡ್ಕೊಳ್ಳಿ” ಎಂದರು. ಸಂಜೆ ಅವನದೇ ಟೆಂಪೋದಲ್ಲಿ ನಾಲ್ವರೂ ಭಟ್ಟಿಗೆ ವಾಪಸ್ ಹೋದರು.

ಸ್ವಾಮಿ, ಅಳಿದುಹೋದ ಸಾಲಕ್ಕೆ ಹಣ ಪಡೆಯುವುದು 9ನೇ ಕಲಮಿನ ಪ್ರಕಾರ 3 ವರ್ಷದವರೆಗೆ ಜೈಲಿಗೆ ಹಾಕಬಹುದಾದ ಅಪರಾಧ. ಪ್ರಮಾಣಕ್ಕೆ ಎತ್ತಿದ ಕೈಯಿಂದಲೇ ಆ ವಸೂಲಿಗೆ ಪಂಚಾಯ್ತಿ ಮಾಡಿದರು. ಅಲ್ಲಿ ಆಗಬೇಕಾಗಿದ್ದದ್ದು ಹೇಳಿಕೆ ದಾಖಲು, ಜೀತದಿಂದ ಬಿಡುಗಡೆಯಾಗಿದ್ದಾರೆ ಎಂದು ಸರ್ಕಾರ ಬರೆದುಕೊಡುವ ಬಿಡುಗಡೆ ಪತ್ರ, ಪೊಲೀಸರಲ್ಲಿ ಎಫ್‌ಐಆರ್. ಬಿಡುಗಡೆ ಪತ್ರ ಕೈಗೆ ಬಾರದೆ ತಕ್ಷಣದ ನೆರವಾದ 30,000 ರೂಪಾಯಿವರೆಗಿನ ಹಣ ಬರುವುದಿಲ್ಲ. ಆ ಹಣ ಬಾರದಿದ್ದರೆ ಊರಿಗೆ ಹೋಗಲು ಬಸ್ ಚಾರ್ಜಿಲ್ಲ, ಊರಿಗೆ ಹೋದರೂ ಒಲೆ ಹಚ್ಚಲು ಅಕ್ಕಿಯಿಲ್ಲ, ಮತ್ತೆ ಯಾರದೋ ಮುಂಗಡಕ್ಕೆ ಕೈ ಒಡ್ಡಬೇಕು. ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷದ ಪುನರ್ವಸತಿ ಹಣವೂ ಆ ಒಂದು ಹಾಳೆಯಿಂದಲೇ ಶುರುವಾಗಬೇಕು. ಹಣ ಕೇಂದ್ರದ್ದು, ಹಾಳೆ ಕೊಡಬೇಕಾದವರು ನಿಮ್ಮ ಅಧಿಕಾರಿಗಳು.

ರಜೆ ಕೊಟ್ಟರೆ ಇದೆಲ್ಲ ಹೇಗೆ ಸರಿಹೋಗುತ್ತದೆ ಎಂದು ಕೇಳುತ್ತೀರಿ. ಯಾವ ರಜೆ ಕೊಡುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮಿನಡಿ ಅಧಿಸೂಚನೆ ಹೊರಡಿಸಿದರೆ ಬ್ಯಾಂಕು, ಕಚೇರಿ ಮುಚ್ಚುತ್ತವೆ. ಅಷ್ಟಕ್ಕೇ ನಿಂತರೆ ಪ್ರಮಾಣ ಓದುತ್ತಿದ್ದವರಿಗೆ ಮನೆಯಲ್ಲಿ ಒಂದು ದಿನ ಸಿಕ್ಕಂತಾಯಿತು, ಜೀತದಾಳಿಗೆ ಏನೂ ಆಗಲಿಲ್ಲ. ಬೇಕಾದ ನೌಕರರು ಮಾತ್ರ ಆರಿಸಿಕೊಳ್ಳುವ ಪರಿಮಿತ ರಜೆಯ ಪಟ್ಟಿಗೆ ಹಾಕಿ ಕೈ ತೊಳೆದುಕೊಳ್ಳುವ ಮಾತಂತೂ ಬೇಡವೇ ಬೇಡ. ಇನ್ನೊಂದು ಕಾನೂನಿದೆ, ಕಾರ್ಖಾನೆ, ಅಂಗಡಿ, ತೋಟಗಳಿಗೆ ಅನ್ವಯಿಸುವ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಅದರಲ್ಲಿ ಕೂಲಿ ಸಹಿತ ರಜೆಗಳು. ಅವುಗಳ ಸಾಲಿಗೆ ಫೆಬ್ರವರಿ 9 ಸೇರಬೇಕು. ಆಗ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯವರೆಗೆ ರಜೆ ಮುಟ್ಟುತ್ತದೆ.

ಹೊಲದ ಆಳಿಗೆ ಆಗಲೂ ಮುಟ್ಟುವುದಿಲ್ಲ. ಕೃಷಿ, ಇಟ್ಟಿಗೆ ಭಟ್ಟಿ, ಕಬ್ಬು ಕಡಿಯುವ ಗ್ಯಾಂಗು, ಕಲ್ಲು ಕ್ವಾರಿ, ಇವಕ್ಕೆಲ್ಲ ಕನಿಷ್ಠ ವೇತನದ ಅಧಿಸೂಚನೆಯಲ್ಲೇ ಫೆಬ್ರವರಿ 9ರ ಕೂಲಿಯನ್ನು ಬರೆದು ಸೇರಿಸಬೇಕು. ಇದು ತಪ್ಪಿದರೆ ರಜೆಯೇ ಶಿಕ್ಷೆಯಾಗುತ್ತದೆ. ಭಟ್ಟಿಯಲ್ಲಿ ಕೂಲಿ ಲೆಕ್ಕ ಸಾವಿರ ಇಟ್ಟಿಗೆಗೆ ಇಷ್ಟು ಎಂದು. ಅಚ್ಚು ಹೊಡೆಯದ ದಿನ ಕೂಲಿ ಸೊನ್ನೆ, ಊಟದ ಖರ್ಚು ಮಾತ್ರ ಮಾಲೀಕನ ಪುಸ್ತಕದಲ್ಲಿ ಮುಂಗಡದ ಮೇಲೆ ಏರುತ್ತದೆ. ಆದ್ದರಿಂದ ಹಿಂದಿನ ತಿಂಗಳ ಸರಾಸರಿ ದಿನಗೂಲಿಯನ್ನು ರಜೆಯ ಕೂಲಿಯಾಗಿ ಕೊಡಬೇಕು, ಅದು ಕನಿಷ್ಠ ವೇತನಕ್ಕಿಂತ ಕಡಿಮೆಯಾಗಬಾರದು. ಬೆಂಕಿ ಹಾಕಿದ ಭಟ್ಟಿಯನ್ನು ನಡುವೆ ನಿಲ್ಲಿಸಲಾಗದು, ನಿಜ. ಬೆಂಕಿ ನೋಡಿಕೊಳ್ಳುವ ಇಬ್ಬರು ಮೂವರಿಗೆ ಎರಡು ಪಟ್ಟು ಕೂಲಿ ಕೊಡಲಿ. ಕೂಲಿ ಬ್ಯಾಂಕ್ ಖಾತೆಗೇ ಬೀಳಬೇಕು, ಕೈಗೆ ಕೊಟ್ಟೆ ಎಂಬ ಮಾತು ನಡೆಯಬಾರದು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಅಮೆರಿಕದಲ್ಲಿ ಇದೇ ಎಡವಟ್ಟು ಆಗಿದೆ. ಗುಲಾಮರ ಬಿಡುಗಡೆಯ ಸುದ್ದಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ತಲುಪಿದ 1865ರ ಜೂನ್ 19ರ ನೆನಪಿಗೆ 2021ರಲ್ಲಿ ರಾಷ್ಟ್ರೀಯ ರಜೆ ಬಂತು, ಆದರೆ ಖಾಸಗಿ ಮಾಲೀಕರು ಅದನ್ನು ಕೊಡಲೇಬೇಕೆಂದಿಲ್ಲ. ದಕ್ಷಿಣ ಆಫ್ರಿಕಾ ಸರಿಯಾಗಿ ಮಾಡಿತು. ಶಾರ್ಪ್‌ವಿಲ್‌ನಲ್ಲಿ 1960ರ ಮಾರ್ಚ್ 21ರಂದು ವರ್ಣಭೇದದ ಕಾನೂನಿನ ವಿರುದ್ಧ ಪ್ರತಿಭಟಿಸುತ್ತಿದ್ದ 69 ಜನ ಪೊಲೀಸರ ಗುಂಡಿಗೆ ಬಲಿಯಾದ ದಿನ ಅಲ್ಲಿ ಇವತ್ತು ಕಾನೂನುಬದ್ಧ ಸಾರ್ವಜನಿಕ ರಜೆ. ಜಮೈಕಾದಲ್ಲಿ ಸ್ವಾತಂತ್ರ್ಯ ಬಂದ 1962ರಲ್ಲಿ ಗುಲಾಮರ ವಿಮೋಚನಾ ದಿನದ ರಜೆಯನ್ನು ಕೈಬಿಟ್ಟರು, ಅದು ಮರಳಿ ಬರಲು 1997ರವರೆಗೆ ಕಾಯಬೇಕಾಯಿತು. ಆದ್ದರಿಂದ ವರ್ಷ ವರ್ಷ ಬದಲಾಗುವ ಪಟ್ಟಿಯನ್ನು ನಂಬಿ ಕೂರಲಾಗದು, ಕಾಯ್ದೆಯಲ್ಲೇ ಬರೆಯಬೇಕು.

ರಜೆಗಳು ಈಗಾಗಲೇ ಜಾಸ್ತಿಯಾಗಿವೆ ಎಂಬ ಆಕ್ಷೇಪ ಬರುತ್ತದೆ. ವರ್ಷದಲ್ಲಿ ಒಂದು ದಿನವೂ ರಜೆ ಕಾಣದವರ ಬಗ್ಗೆ ಮಾತಾಡುತ್ತಿದ್ದೇವೆ. ಅವರ ಮುಂದೆ ಈ ಆಕ್ಷೇಪ ನಿಲ್ಲುವುದಿಲ್ಲ.

ತಾರೀಖನ್ನು ಮುಂದೆ ತಳ್ಳುವುದಾಗಲಿ, ಹತ್ತಿರದ ಭಾನುವಾರಕ್ಕೆ ಸೇರಿಸುವುದಾಗಲಿ ಬೇಡ. ಫೆಬ್ರವರಿ ಎಂದರೆ ಕಾಫಿ ಕೊಯ್ಲು, ಕಬ್ಬಿನ ಕಟಾವು, ಭಟ್ಟಿಯ ಕೆಲಸ ಎಲ್ಲ ಜೋರಾಗಿರುವ ಕಾಲ. ಜೀತದಾಳು ದುಡಿಯುವ ಜಾಗದಲ್ಲೇ ಸಿಗುತ್ತಾನೆ. ಅನೇಕ ಕಡೆ ಆಳಿನ ಲೆಕ್ಕ ಯುಗಾದಿಯಿಂದ ಯುಗಾದಿಗೆ. ಹಳೆಯ ಬಾಕಿಗೆ ಹೊಸ ಮುಂಗಡ ಸೇರಿಸಿ ಇನ್ನೊಂದು ವರ್ಷಕ್ಕೆ ಕಟ್ಟಿಹಾಕುವ ಮಾತುಕತೆ ಆಗಲೇ ನಡೆಯುವುದು. ಧಣಿಗಳು ಅದನ್ನು ಜೀತ ಎನ್ನುವುದಿಲ್ಲ, ‘ಸಂಬಳಕ್ಕಿಟ್ಟುಕೊಂಡಿದ್ದೇವೆ’ ಎನ್ನುತ್ತಾರೆ. ಫೆಬ್ರವರಿ 9ಕ್ಕೆ ಬಿಡುಗಡೆ ಪತ್ರ ಸಿಕ್ಕರೆ ಯುಗಾದಿಯ ಮಾತುಕತೆಗೆ ಅವನು ಹೋಗಬೇಕಾಗಿಲ್ಲ.

ಆಗಸ್ಟ್ 15ರಂದು ಕಚೇರಿ ಮುಚ್ಚಿದ್ದರೂ ಧ್ವಜ ಹಾರುತ್ತದೆ. ಹಾಗೆಯೇ ಫೆಬ್ರವರಿ 9ರಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ವಿಶೇಷ ಗ್ರಾಮಸಭೆ ನಡೆಯಲಿ, ಬಿಡುಗಡೆಯಾದವರು ವೇದಿಕೆಯ ಮೇಲೆ ಕೂರಲಿ. ಜೀತದ ಪ್ರಕರಣಗಳನ್ನು ನೋಡಿಕೊಳ್ಳುವ ಉಪವಿಭಾಗದ ಜಾಗೃತಿ ಸಮಿತಿ ಜನವರಿಯಲ್ಲೇ ಸಭೆ ಸೇರಿ ಬಾಕಿ ಅರ್ಜಿಗಳನ್ನು ಮುಗಿಸಲಿ. ಉಪವಿಭಾಗಾಧಿಕಾರಿಗಳು ಸಹಿ ಮಾಡಿದ ಬಿಡುಗಡೆ ಪತ್ರಗಳನ್ನು ಆ ಸಭೆಯಲ್ಲೇ ಕೊಡಲಿ, ತಕ್ಷಣದ ನೆರವು ಜಿಲ್ಲಾ ಪುನರ್ವಸತಿ ನಿಧಿಯಿಂದ ಅಂದೇ ಖಾತೆಗೆ ಜಮೆಯಾಗಲಿ. ಆ ನಿಧಿಯಲ್ಲಿ ಪ್ರತಿ ಜಿಲ್ಲೆಯೂ ಕನಿಷ್ಠ 10 ಲಕ್ಷ ರೂಪಾಯಿ ಇಟ್ಟಿರಬೇಕೆಂಬ ನಿಯಮ ನಿಮಗೆ ಗೊತ್ತಿರುವುದೇ.

ಕಾಯ್ದೆಗೆ 50 ವರ್ಷ ತುಂಬಿದ್ದು 2026ರ ಫೆಬ್ರವರಿ 9ಕ್ಕೆ. ಇನ್ನೂ ಕಾಯಿಸಬೇಡಿ. ಮುಂದಿನ ರಜಾ ಪಟ್ಟಿ ಸಂಪುಟದ ಮುಂದೆ ಬಂದಾಗ ಫೆಬ್ರವರಿ 9ನ್ನು ಸಾರ್ವತ್ರಿಕ ರಜೆಯಾಗಿ ಸೇರಿಸಿ. 1963ರ ಕಾಯ್ದೆಯ ತಿದ್ದುಪಡಿ ಮಸೂದೆಯನ್ನು ಅದರ ಜೊತೆಯಲ್ಲೇ ತನ್ನಿ, ಕನಿಷ್ಠ ವೇತನದ ಅಧಿಸೂಚನೆಯನ್ನೂ ಹೊರಡಿಸಿ. ಕೂಲಿ ಸಹಿತ ರಜೆ, ಹೊಲದ ಆಳಿಗೂ ರಜೆ. ಇದಕ್ಕಿಂತ ಕಡಿಮೆಯದನ್ನು ಒಪ್ಪಲಾರೆವು.

ಇಂತಿ,
ಬಿಡುಗಡೆ ಪತ್ರಕ್ಕಾಗಿ ಅಲೆಯುವವರ ಪರವಾಗಿ ಅರ್ಜಿ ಬರೆಯುವ ಒಬ್ಬ ನಾಗರಿಕ