ಡಿಎನ್‌ಎಸ್ ಕ್ಯಾಶ್ ಅಳಿಸಲು ಹೆದರಿದ ತಮ್ಮನ ಮಗಳಿಗೆ

ಶಿವಮೊಗ್ಗ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಕೊಳೆರೋಗದ ವಿಚಾರ, ಅಮ್ಮನ ಮಂಡಿನೋವಿನ ವಿಚಾರ ಓದಿಕೊಂಡೆ. ಅವಕ್ಕೆ ದೊಡ್ಡಮ್ಮ ಬೇರೆಯಾಗಿ ಬರೆಯುತ್ತಾಳೆ. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಒಂದು ಸಾಲು. ಅಡಿಕೆ ಸಂಘದ ವೆಬ್‌ಸೈಟು ಹೊಸ ಸರ್ವರಿಗೆ ಹೋದ ಮೇಲೆ ಮೊಬೈಲಿನಲ್ಲಿ ತೆರೆಯುತ್ತದೆ, ಮನೆಯ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವುದಿಲ್ಲ, ಫೋನ್ ಮಾಡಿ ಕೇಳಿದರೆ ಡಿಎನ್‌ಎಸ್ ಕ್ಯಾಶ್ ಕ್ಲಿಯರ್ ಮಾಡಿ ಎಂದರು ಎಂದೆಲ್ಲ ಬರೆದು, "ಅಳಿಸಿದರೆ ಅಪ್ಪ ಇಟ್ಟದ್ದೂ ಹೋಗಿಬಿಟ್ಟರೆ ಎಂದು ಕೈ ಓಡಲಿಲ್ಲ" ಎಂದು ಸೇರಿಸಿದ್ದೀಯಲ್ಲ, ಆ ಸಾಲು.

ಹೋಗುವುದಿಲ್ಲ, ಮಗಳೇ. ಒಂದು ಫೋಟೋ ಹೋಗುವುದಿಲ್ಲ, ಲೆಕ್ಕದ ಒಂದು ಅಂಕಿ ಹೋಗುವುದಿಲ್ಲ. ನನ್ನ ಮಾತಿನ ಮೇಲೆ ನಂಬಿಕೆ ಬಾರದಿದ್ದರೆ ನಿಮ್ಮ ಊರಿನ ಕರೆಂಟನ್ನು ನಂಬು. ಆ ಕ್ಯಾಶ್ ಎಂಬ ತಾತ್ಕಾಲಿಕ ನೆನಪು ಇರುವುದು ಕಂಪ್ಯೂಟರಿನ ರ್‍ಯಾಮ್‌ನಲ್ಲಿ. ನಿನ್ನ ಅಪ್ಪನ ಫೋಟೋಗಳು, ತೋಟದ ಲೆಕ್ಕ ಇರುವುದು ಹಾರ್ಡ್ ಡಿಸ್ಕಿನಲ್ಲಿ. ರ್‍ಯಾಮ್‌ನಲ್ಲಿ ಇರುವುದು ಕರೆಂಟು ಇರುವವರೆಗೆ ಮಾತ್ರ ಉಳಿಯುತ್ತದೆ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ಕಾಲವಾಯಿತೆಂದು ನಿನಗೇ ಗೊತ್ತು. ಅಂದಮೇಲೆ ಆಷಾಢದ ಗಾಳಿಗೆ ಮರ ಬಿದ್ದು ತಂತಿ ತುಂಡಾಗಿ ಕಂಪ್ಯೂಟರು ಆರಿದಾಗಲೆಲ್ಲ ಆ ಕ್ಯಾಶ್ ಪೂರ್ತಿಯಾಗಿ ಅಳಿಸಿಹೋಗಿದೆ. ಅದಾದ ಮೇಲೂ ಫೋಟೋಗಳನ್ನು ನೀನು ನೋಡುತ್ತಲೇ ಬಂದಿದ್ದೀಯ. ಈಗ ನೀನು ಮಾಡಬೇಕಾದದ್ದು ಮಳೆಗಾಲ ನಿನ್ನನ್ನು ಕೇಳದೆ ಮಾಡುತ್ತಿದ್ದ ಕೆಲಸವನ್ನೇ.

ಅದರೊಳಗೆ ಇರುವುದೇನು ಎಂದು ಹೇಳದೆ ಧೈರ್ಯ ತುಂಬುವುದು ಪಾಠ ಹೇಳಿ ಬದುಕಿದವನಿಗೆ ಒಪ್ಪುವುದಿಲ್ಲ. ನಾವು ವೆಬ್‌ಸೈಟನ್ನು ಹೆಸರಿನಿಂದ ಕರೆಯುತ್ತೇವೆ, ಯಂತ್ರಗಳು ಒಂದನ್ನೊಂದು ಹುಡುಕುವುದು ಐಪಿ ಸಂಖ್ಯೆಯಿಂದ. ಮೊದಲೆಲ್ಲ ಇಡೀ ಜಾಲಕ್ಕೆ ಒಂದೇ ಪಟ್ಟಿಯಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ತಿದ್ದಿ ಇಡುತ್ತಿದ್ದರು, ಉಳಿದವರು ಅಲ್ಲಿಂದ ಪ್ರತಿ ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಅದು ನಿಭಾಯಿಸಲಾಗದ ಹೊರೆಯಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ರೂಪಿಸಿದ ವ್ಯವಸ್ಥೆಯೇ ಡಿಎನ್‌ಎಸ್. ಆಯಾ ಹೆಸರಿನ ಯಜಮಾನರು ತಮ್ಮ ಸಂಖ್ಯೆಯನ್ನು ತಾವೇ ಇಟ್ಟುಕೊಳ್ಳುತ್ತಾರೆ, ಬೇಕಾದವರು ಕೇಳಿ ತಿಳಿದುಕೊಳ್ಳುತ್ತಾರೆ. ಪ್ರತಿ ಸಲವೂ ಕೇಳುತ್ತ ಕೂತರೆ ತಡವಾಗುತ್ತದೆಂದು ಕಂಪ್ಯೂಟರು ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಆ ನೆನಪೇ ಡಿಎನ್‌ಎಸ್ ಕ್ಯಾಶ್. ಎಷ್ಟು ಹೊತ್ತು ಎಂಬುದನ್ನೂ ಉತ್ತರದಲ್ಲೇ ಸೆಕೆಂಡುಗಳಲ್ಲಿ ಹೇಳಿರುತ್ತಾರೆ: 300 ಎಂದರೆ ಐದು ನಿಮಿಷ, 86400 ಎಂದರೆ ಒಂದು ದಿನ. ಸಂಘದವರು ಸರ್ವರು ಬದಲಿಸಿದ್ದಾರೆ, ನಿನ್ನ ಕಂಪ್ಯೂಟರು ಹಳೆಯ ಸಂಖ್ಯೆಯನ್ನೇ ಹಿಡಿದುಕೊಂಡು ಅಲ್ಲಿಗೇ ಹೋಗಿ ನಿಲ್ಲುತ್ತಿದೆ ಎಂದು ನನಗೆ ತೋರುತ್ತದೆ. ಮೊಬೈಲು ಬೇರೆ ದಾರಿಯಲ್ಲಿ ಕೇಳುವುದರಿಂದ ಅದಕ್ಕೆ ಹೊಸ ಉತ್ತರ ಸಿಕ್ಕಿದೆ.

1964ರಲ್ಲಿ ಲಿಂಗನಮಕ್ಕಿ ತುಂಬಿದ ಮೇಲಿನ ಕಥೆ ನಿನಗೆ ಹೇಳಬೇಕಾಗಿಲ್ಲ. ನಾವು ಈಚೆಗೆ ಬಂದು ನೆಲೆಸಿದ ಮೇಲೂ ಘಟ್ಟದ ಕೆಳಗಿನ ನೆಂಟರ ಕಾಗದಗಳು ಮುಳುಗಿದ ಊರಿನ ಹೆಸರು ಹೊತ್ತುಕೊಂಡೇ ಬರುತ್ತಿದ್ದವು. ಅವರ ಪುಸ್ತಕದಲ್ಲಿ ಹಳೆಯ ವಿಳಾಸವೇ ಇತ್ತು. ಅವರು ಆ ಸಾಲನ್ನು ಹೊಡೆದು ಹೊಸದನ್ನು ಬರೆದುಕೊಂಡಾಗ ನಮ್ಮ ಮನೆಯ ಒಂದು ಹಂಚೂ ಅಲುಗಲಿಲ್ಲ. ನಿನ್ನಿಂದ ಈಗ ಆಗಬೇಕಾದದ್ದು ಅಷ್ಟೇ.

ಆದರೂ ನೀನು ಹೆದರಿದ್ದು ಯಾವುದಕ್ಕೆ ಎಂದು ನನಗೆ ಅರ್ಥವಾಗದೆ ಇಲ್ಲ. ಹಳೆಯ ಮನೆಯ ಮುಂದೆ ಎಲ್ಲರೂ ನಿಂತಿರುವ ಫೋಟೋ ಒಂದೇ ಒಂದು. ಅದನ್ನು ನಿನ್ನ ಅಪ್ಪ ಸ್ಕ್ಯಾನ್ ಮಾಡಿಸಿ ಆ ಕಂಪ್ಯೂಟರಿನಲ್ಲಿ ಇಟ್ಟಿದ್ದ. ಮೂಲ ಪ್ರತಿಗೆ ಬೂಷ್ಟು ಹಿಡಿದು ಎಡಗಡೆಯ ಮುಖಗಳು ಕರಗಿಹೋಗಿವೆ. ಒಮ್ಮೆ ಬಂದು ಕೂತು ಯಾರು ಯಾರೆಂದು ಹೆಸರು ಹೇಳಣ್ಣ, ಬರೆದುಕೊಳ್ಳುತ್ತೇನೆ ಎಂದು ಅವನು ಕೇಳುತ್ತಲೇ ಇದ್ದ. ಮುಂದಿನ ದೀಪಾವಳಿಗೆ, ಅದರ ಮುಂದಿನ ಯುಗಾದಿಗೆ ಎನ್ನುತ್ತಲೇ ಇದ್ದೆ. ಜಗಲಿಯ ಮೆಟ್ಟಿಲ ಮೇಲೆ ತಲೆಗೆ ವಸ್ತ್ರ ಸುತ್ತಿಕೊಂಡು ಕೂತವರು ನಮ್ಮ ಅಜ್ಜನ ಸೋದರಮಾವ ಎಂಬುದು ಈಗ ನನ್ನೊಬ್ಬನಿಗೆ ಗೊತ್ತು. ಅದು ಯಾವ ಡಿಸ್ಕಿನಲ್ಲೂ ಇಲ್ಲ. ಇರಲಿ, ಇದು ಡಿಎನ್‌ಎಸ್ಸಿಗೆ ಸಂಬಂಧಪಟ್ಟದ್ದಲ್ಲ.

ಅಳಿಸುವ ಮೊದಲು ಅದನ್ನೊಮ್ಮೆ ಕಣ್ಣಾರೆ ನೋಡು ಎಂದು ನನ್ನ ಸಲಹೆ. ವಿಂಡೋಸ್ ಕೀ ಒತ್ತಿ ಸಿ, ಎಂ, ಡಿ ಎಂಬ ಮೂರು ಅಕ್ಷರ ಹೊಡೆದು ಎಂಟರ್ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಐಪಿಕಾನ್ಫಿಗ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಬಲಕ್ಕೆ ವಾಲಿದ ಸ್ಲ್ಯಾಶ್ ಹಾಕಿ, ಅದಕ್ಕೆ ಅಂಟಿಸಿ ಡಿಸ್‌ಪ್ಲೇಡಿಎನ್‌ಎಸ್ ಎಂದು ಬರೆ. ಇಂಗ್ಲಿಷ್ ಕಾಗುಣಿತವನ್ನು ದೊಡ್ಡಮ್ಮನ ಮೊಬೈಲಿನಿಂದ ಕಳಿಸುತ್ತೇನೆ. ಸಾಲುಸಾಲಾಗಿ ಬರುವುದನ್ನು ಕಂಡು ಗಾಬರಿಯಾಗಬೇಡ. ರೆಕಾರ್ಡ್ ನೇಮ್ ಎಂದಲ್ಲಿ ವೆಬ್‌ಸೈಟಿನ ಹೆಸರು, ಟೈಮ್ ಟು ಲಿವ್ ಎಂದಲ್ಲಿ ಇನ್ನು ಎಷ್ಟು ಸೆಕೆಂಡು ಉಳಿದಿದೆ ಎಂಬ ಲೆಕ್ಕ, ಕೊನೆಗೆ ನಾಲ್ಕು ತುಂಡಿನ ಐಪಿ ಸಂಖ್ಯೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ ಅದೇ ಆಜ್ಞೆ ಕೊಟ್ಟು ನೋಡು, ಸೆಕೆಂಡುಗಳು ಇಳಿದಿರುತ್ತವೆ. ಸೊನ್ನೆಗೆ ಬಂದ ಸಾಲು ತಾನಾಗಿಯೇ ಮಾಯವಾಗುತ್ತದೆ. ಹುಡುಕಿದರೂ ನಿನ್ನ ಅಪ್ಪನ ಒಂದು ಕಡತದ ಹೆಸರು ಅಲ್ಲಿ ಕಾಣಿಸುವುದಿಲ್ಲ. ಇಲ್ಲದ್ದನ್ನು ಅಳಿಸಲು ಯಾವ ಆಜ್ಞೆಗೂ ಸಾಧ್ಯವಿಲ್ಲ.

ಆಮೇಲೆ ಅದೇ ರೀತಿ ಐಪಿಕಾನ್ಫಿಗ್, ಜಾಗ, ಸ್ಲ್ಯಾಶ್, ಫ್ಲಶ್‌ಡಿಎನ್‌ಎಸ್. ಸಕ್ಸೆಸ್‌ಫುಲಿ ಫ್ಲಶ್ಡ್ ಎಂದು ಒಂದು ಸಾಲು ಬರುತ್ತದೆ, ಮುಗಿಯಿತು. ಅಪ್ಪಣೆ ಸಾಲದು ಎಂಬ ಅರ್ಥದ ಸಂದೇಶ ಬಂದರೆ ಕಪ್ಪು ಕಿಟಕಿಯನ್ನು ಮುಚ್ಚಿ, ಅದರ ಹೆಸರಿನ ಮೇಲೆ ಬಲಗಡೆಯ ಗುಂಡಿ ಒತ್ತಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಎಂದು ಇನ್ನೊಮ್ಮೆ ತೆರೆ. ಕ್ರೋಮ್ ತನ್ನದೇ ಒಂದು ನೆನಪು ಇಟ್ಟುಕೊಳ್ಳುವುದರಿಂದ ಅದನ್ನೂ ಪೂರ್ತಿ ಮುಚ್ಚಿ ತೆರೆಯಬೇಕು. ಇಷ್ಟಾದರೂ ಸಂಘದ ಪುಟ ಬಾರದಿದ್ದರೆ ರೂಟರಿನ ಕರೆಂಟು ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕು. ಅದಕ್ಕೂ ಬಗ್ಗದಿದ್ದರೆ ಇಂಟರ್ನೆಟ್ ಕೊಡುವವರ ಸರ್ವರಿನಲ್ಲೇ ಹಳೆಯ ಉತ್ತರ ಉಳಿದಿರಬಹುದು. ಅದರ ಅವಧಿ ಮುಗಿಯುವವರೆಗೆ, ಸಾಮಾನ್ಯವಾಗಿ ಒಂದು ದಿನ, ಮೊಬೈಲಿನಲ್ಲೇ ದರ ನೋಡಿಕೊಳ್ಳಬೇಕಾಗುತ್ತದೆ. ಆಗ ನಾನೇನೋ ಕೆಡಿಸಿದೆ ಎಂದುಕೊಳ್ಳಬೇಡ.

ನಿನ್ನ ಹೆದರಿಕೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅದು ನ್ಯಾಯವಾಗಿರುವ ಜಾಗಗಳೂ ಇವೆ. ಬ್ರೌಸರಿನಲ್ಲಿ ಬ್ರೌಸಿಂಗ್ ಡೇಟಾ ಅಳಿಸಿ ಎಂದು ಕೇಳುವ ಪೆಟ್ಟಿಗೆಯೇ ಬೇರೆ. ಅದರಲ್ಲಿ ಪಾಸ್‌ವರ್ಡ್ ಎಂಬಲ್ಲಿ ಗುರುತು ಹಾಕಿದರೆ ನಿನ್ನ ಅಪ್ಪ ಉಳಿಸಿಟ್ಟ ಪಾಸ್‌ವರ್ಡುಗಳು ನಿಜವಾಗಿಯೂ ಹೋಗುತ್ತವೆ. ಅದರ ಹತ್ತಿರ ಹೋಗಬೇಡ. ರೂಟರಿನ ಹಿಂದೆ ಸೂಜಿ ತೂರುವಷ್ಟು ಸಣ್ಣ ತೂತು ಇರುತ್ತದೆ. ಅದನ್ನು ಒತ್ತಿ ಹಿಡಿದರೆ ರೂಟರಿನಲ್ಲಿ ಹಾಕಿಟ್ಟ ಹೆಸರು, ಗುಪ್ತಪದ ಎಲ್ಲ ಅಳಿಸಿ, ಲೈನ್‌ಮನ್ ಬರುವ ತನಕ ಇಂಟರ್ನೆಟ್ ಇರುವುದಿಲ್ಲ. ಫೋಟೋಗಳಿಗೆ ಕುತ್ತು ಇರುವುದು ಸಿಡಿಲಿನಿಂದ, ಹಾರ್ಡ್ ಡಿಸ್ಕಿನ ವಯಸ್ಸಿನಿಂದ. ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮೊದಲೇ, ಪ್ಲಗ್ಗನ್ನೂ ನೆಟ್ಟಿನ ಕೇಬಲನ್ನೂ ಎರಡನ್ನೂ ಎಳೆದಿಡು. ಪ್ಲಗ್ ಒಂದನ್ನೇ ಕಿತ್ತು ಸುಮ್ಮನಾಗುವವರೇ ಹೆಚ್ಚು. ಹೇಳುವುದಕ್ಕೆ ನಾಲಿಗೆ ಏಳುವುದಿಲ್ಲ, ಈ ಮಾತನ್ನು ಅವನಿದ್ದಾಗಲೇ ಹೇಳಬೇಕಿತ್ತು, ಆದರೂ ಹೇಳುತ್ತೇನೆ: ಒಂದು ಪೆನ್‌ಡ್ರೈವ್ ತಂದು ಅವನ ಫೋಟೋ, ಲೆಕ್ಕ ಎಲ್ಲವನ್ನೂ ಅದಕ್ಕೆ ನಕಲು ಮಾಡಿ ಡಬ್ಬಿಯಲ್ಲಿ ಹಾಕಿಡು. ಇನ್ನೊಂದು ಪ್ರತಿ ನನಗೂ ಬೇಕು. ಅದಕ್ಕೂ ಡಿಎನ್‌ಎಸ್ಸಿಗೂ ಸಂಬಂಧವಿಲ್ಲ, ಆದರೆ ಅದಾದ ಮೇಲೆ ಫ್ಲಶ್ ಎಂದು ಹೊಡೆಯುವಾಗ ನಿನ್ನ ಕೈ ನಡುಗುವುದಿಲ್ಲ ಎಂದುಕೊಂಡಿದ್ದೇನೆ.

ಈ ವಾರ ಸಂಘದ ಪುಟ ತೆರೆದು ರಾಶಿ ಅಡಿಕೆಯ ದರ ಕಂಡರೆ ಒಂದು ಫೋನ್ ಮಾಡು, ಕಾಣದಿದ್ದರೂ ಮಾಡು. ಊಟದ ಮೇಲೆ ಸ್ವಲ್ಪ ಮಲಗಿರುತ್ತೇನೆ, ಸಂಜೆ ಐದರ ಮೇಲಾದರೆ ಒಳ್ಳೆಯದು. ಆ ಫೋಟೋವನ್ನು ಮೊಬೈಲಿಗೆ ಕಳಿಸಿದರೆ ಎಡಗಡೆಯಿಂದ ಶುರುಮಾಡಿ ಹೆಸರುಗಳನ್ನು ಹೇಳುತ್ತ ಹೋಗುತ್ತೇನೆ, ನೀನು ಬರೆದುಕೊ.

ಇಂತಿ,
ನಿನ್ನ ದೊಡ್ಡಪ್ಪ